ಒಡೆಯದೇ ಇಟ್ಟ ಮೂರು ಲಕೋಟೆಗಳು

ಮೊದಲನೇ ಲಕೋಟೆ ಬಂದಾಗ ಬಸಲಿಂಗಮ್ಮ ಅದನ್ನು ಒಡೆಯಲೇ ಇಲ್ಲ...

ಮೇಲೆ 'ತೆರಿಗೆ ಇಲಾಖೆ' ಎಂದು ಓದಿದ್ದೇ ತಡ, ಸೆರಗಿನಡಿ ಬಚ್ಚಿಟ್ಟುಕೊಂಡಳು.

ಹುಬ್ಬಳ್ಳಿಯ ಓಣಿಯೊಂದರಲ್ಲಿ ಆಕೆಯದು ಖಡಕ್ ರೊಟ್ಟಿ, ಶೇಂಗಾ ಚಟ್ನಿಯ ವ್ಯಾಪಾರ. ಗಂಡ ತೀರಿಕೊಂಡ ವರ್ಷ ಒಂದೇ ಹಂಚಿನಿಂದ ಶುರುವಾದದ್ದು, ಈಗ ಎಂಟು ಹೆಣ್ಣುಮಕ್ಕಳಿಗೆ ಕೆಲಸ ಕೊಟ್ಟಿತ್ತು.

ಹಣವೆಲ್ಲ ಫೋನಿನಲ್ಲೇ ಬರುತ್ತಿತ್ತು. ಜಿಎಸ್‌ಟಿ, ರಿಟರ್ನ್ ಅಂದರೆ ಮಾತ್ರ, "ಅದು ದೊಡ್ಡೋರ ಉಸಾಬರಿ ಬಿಡ್ರಿ" ಅನ್ನುತ್ತಿದ್ದಳು.

ಎರಡನೇ ಲಕೋಟೆ ಬಂತು. ಮೂರನೆಯದೂ ಬಂತು... ಎಲ್ಲವೂ ಖಾಲಿ ಹಿಟ್ಟಿನ ಡಬ್ಬಿಯ ತಳ ಸೇರಿದವು.

ಹೊಸ ನಂಬರಿನಿಂದ ಫೋನ್ ಬಂದರೆ ಎತ್ತುತ್ತಲೇ ಇರಲಿಲ್ಲ. ಓಣಿಯಲ್ಲಿ ಜೀಪು ನಿಂತರೆ ಹಿತ್ತಲಿಗೆ ಓಡುತ್ತಿದ್ದಳು.

ಕೊನೆಗೊಂದು ಶನಿವಾರ ಹೇಳಿಯೇಬಿಟ್ಟಳು.

"ಸೋಮವಾರದಿಂದ ಯಾರೂ ಬರಬ್ಯಾಡ್ರಿ... ಕೆಲಸ ಬಂದ್."

ರೊಟ್ಟಿ ಬಡಿಯಲು ಬರುತ್ತಿದ್ದ ಹುಸೇನಬಿ ಡಬ್ಬಿ ತೊಳೆಯಲು ಎದ್ದಳು; ಆಕೆಯ ಕೈಗೆ ಲಕೋಟೆಗಳು ಸಿಕ್ಕವು.

"ಅಕ್ಕಾರ, ಇವನ್ನ ಒಡದಽ ಇಲ್ಲಲ್ರಿ!"

"ಒಡದ್ರ ಜೈಲು, ಹುಸೇನಬಿ..."

"ಹಂಗಂತ ಯಾರು ಹೇಳ್ಯಾರ?"

ಬಸಲಿಂಗಮ್ಮ ಲಕೋಟೆಗಳಿಗೆ ಕೈಚಾಚಿದಳು; ಹುಸೇನಬಿ ಕೊಡಲಿಲ್ಲ.

"ಸೋಮವಾರ ಆಫೀಸಿಗೆ ಹೋಗೂಣು ನಡೀರಿ. ನಾನೂ ಬರ್ತೀನಿ."

ಸೋಮವಾರ ಆಕೆ ಮನೆಯ ಕೀಲಿಯನ್ನು ಮಗಳ ಕೈಗೆ ಕೊಟ್ಟು, ಚೀಲದಲ್ಲಿ ಒಂದು ಸೀರೆ ತುಂಬಿಕೊಂಡು ಹೊರಟಳು. ತಿರುಗಿ ಬರುವ ನಂಬಿಕೆಯೇ ಇರಲಿಲ್ಲ...

ಕಚೇರಿಯ ಮೆಟ್ಟಿಲ ಮೇಲೆ ಎರಡು ಸಲ ಕುಳಿತುಬಿಟ್ಟಳು. ಎರಡು ಸಲವೂ ಹುಸೇನಬಿ ರಟ್ಟೆ ಹಿಡಿದು ಎಬ್ಬಿಸಿದಳು.

ಒಳಗೆ ನರೆಗೂದಲಿನ ಅಧಿಕಾರಿಣಿ ಮೂರೂ ಲಕೋಟೆ ಒಡೆದು ಓದಿದರು.

"ಮೂರು ಸಲ ಕೇಳೀವಲ್ರೀ ಅಮ್ಮಾರ, ಯಾಕ ಬರಲಿಲ್ಲ?"

"ಅಂಜಿಕಿ ಮೇಡಂ... ನನ್ನ ಹಿಡಕೊಂಡು ಹೋಗ್ತಾರೇನ್ರಿ?"

ಅಧಿಕಾರಿಣಿ ಕನ್ನಡಕ ತೆಗೆದಿಟ್ಟರು.

"ಇದರಾಗ ಶಿಕ್ಷಾ ಬರದಿಲ್ರಿ, ಪ್ರಶ್ನೆ ಬರದೈತಿ. ನಿಮ್ಮ ಫೋನಿನ್ಯಾಗ ಬಂದ ಈ ರೊಕ್ಕ ಎಲ್ಲಾ ವ್ಯಾಪಾರದ್ದೋ, ಅಲ್ಲೋ ಅಂತ. ಇನ್ನ ಒಂಬತ್ತು ದಿನ ಸುಮ್ಮಕಿದ್ದಿದ್ರ, ನಿಮ್ಮ ಮಾತು ಕೇಳದನಽ ಆದೇಶ ಆಗಿಬಿಡ್ತಿತ್ತು."

ಲಕೋಟೆಗಳನ್ನು ಬದಿಗಿಟ್ಟು, ಮೆಲ್ಲಗೆ ಹೇಳಿದರು...

"ನಮ್ಮಪ್ಪಂದು ಎಣ್ಣಿ ಅಂಗಡಿ ಇತ್ರಿ. ಹಿಂಗಽ ಒಂದು ಕಾಗದ ಬಂತು. ಅಂಜಿ ಅಂಗಡೀನ ಮುಚ್ಚಿದ. ಹನ್ನೊಂದು ವರ್ಷ ಬಾಗಲಾ ಸಪ್ಪಳಾದ್ರ ನಡಗತಿದ್ದ. ಅವ ಸತ್ತ ಮ್ಯಾಲೆ ನಾ ಅದನ್ನ ಒಡದು ಓದಿದೆ..."

ಅವರು ಕನ್ನಡಕ ಒರೆಸುತ್ತ ಮುಂದುವರಿಸಿದರು.

"ಒಂದು ತಿಂಗಳ ರಿಟರ್ನ್ ಬಂದಿಲ್ಲ, ಕಳಸ್ರಿ ಅಂತ ಇತ್ತು. ಅಷ್ಟಽ."

ಬಸಲಿಂಗಮ್ಮ ಬಾಯಿಗೆ ಸೆರಗು ಒತ್ತಿಕೊಂಡು ಬಿಕ್ಕಿ ಬಿಕ್ಕಿ ಅತ್ತಳು. ಹುಸೇನಬಿಯೂ ಅತ್ತಳು.

ತೆರಿಗೆಯೇನೂ ಮಾಫಿಯಾಗಲಿಲ್ಲ. ಅಣ್ಣ ಕೊಟ್ಟ ಸಾಲ, ಮಹಿಳಾ ಸಂಘದ ಹಣ ವ್ಯಾಪಾರದ್ದಲ್ಲ ಎಂದು ದಾಖಲೆ ತೋರಿಸಿದ ಮೇಲೆ ಇಲಾಖೆ ಲೆಕ್ಕ ಹಾಕಿದ್ದ ತೆರಿಗೆ ಅರ್ಧಕ್ಕಿಂತ ಕೆಳಗಿಳಿಯಿತು. ಉಳಿದದ್ದನ್ನು ಬಡ್ಡಿ, ದಂಡ ಸೇರಿಸಿ ಕಂತಿನಲ್ಲಿ ಕಟ್ಟಿದಳು. ನೋಂದಣಿ ಮಾಡಿಸಿ, ತಿಂಗಳ ಲೆಕ್ಕಕ್ಕೆ ಒಬ್ಬ ಅಕೌಂಟೆಂಟ್‌ನನ್ನೂ ಗೊತ್ತುಮಾಡಿಕೊಂಡಳು.

ಅದಕ್ಕೆಲ್ಲ ತಿಂಗಳುಗಳೇ ಹಿಡಿದರೂ, ಕಚೇರಿಗೆ ಹೋಗಿಬಂದ ವಾರದ ಗುರುವಾರವೇ ಮತ್ತೆ ರೊಟ್ಟಿ ಬಡಿಯುವ ಸಪ್ಪಳ ಓಣಿಯ ತುದಿಯವರೆಗೂ ಕೇಳುತ್ತಿತ್ತು...

ನೋಟಿಸು ಕೇಳುವುದು ಉತ್ತರವನ್ನು... ಶಿಕ್ಷೆ ಕೊಡುವುದು ನಮ್ಮ ಮೌನ.

ನೀವು ಹೆದರಿ ಮುಂದೂಡುತ್ತಿರುವ ಉತ್ತರ ಯಾವುದು?