ಗುಳ್ಳೆ ನಿಂತಿತು

ಮಂಚದ ಕೆಳಗಿದ್ದ ಬಾಟಲಿಯ ನೀರಿನಲ್ಲಿ ಗುಳ್ಳೆ ಏಳುತ್ತಲೇ ಇತ್ತು. ಹೆಂಡತಿಯ ಪಕ್ಕೆಯಿಂದ ಹೊರಟ ನಳಿಕೆಯ ತುದಿ ಆ ನೀರಿನಲ್ಲಿ ಮುಳುಗಿತ್ತು. ಪಂಕ್ಚರ್ ಅಂಗಡಿಯವನು ಸ್ಟೂಲಿನ ಮೇಲೆ ಕೂತು ಅದನ್ನೇ ದಿಟ್ಟಿಸುತ್ತಿದ್ದ. ಇಪ್ಪತ್ತೆರಡು ವರ್ಷ ಟ್ಯೂಬುಗಳನ್ನು ತೊಟ್ಟಿಯಲ್ಲಿ ಮುಳುಗಿಸಿ ನೋಡಿದವನಿಗೆ ಗುಳ್ಳೆ ಅಂದರೇನು ಅಂತ ಯಾರಾದರೂ ಹೇಳಿಕೊಡಬೇಕೇ?

ಬೆಳಿಗ್ಗೆ ಡಾಕ್ಟರು ಅವಸರದಲ್ಲೇ ಹೇಳಿದ್ದರು. "ವೈರಸ್ ನ್ಯುಮೋನಿಯಾ ಜೋರಾಗಿದೆ. ಶ್ವಾಸಕೋಶದಲ್ಲಿ ಸಣ್ಣ ತೂತಾಗಿ ಗಾಳಿ ಸೋರ್ತಿದೆ. ಅದಕ್ಕೇ ಈ ನಳಿಕೆ."

"ಪ್ಯಾಚ್ ಹಾಕಲ್ವಾ ಸಾರ್?"

"ತಾನಾಗೇ ಮುಚ್ಕೊಳ್ಳತ್ತೆ. ಗುಳ್ಳೆ ನಿಂತ್ರೆ ಮುಚ್ಕೊಂಡಿದೆ ಅಂತ ಅರ್ಥ," ಎಂದು ಅವರು ಮುಂದಿನ ಮಂಚಕ್ಕೆ ನಡೆದಿದ್ದರು.

ಮಧ್ಯಾಹ್ನವಾದರೂ ಅದು ನಿಲ್ಲಲಿಲ್ಲ. ಅವಳು ಕೆಮ್ಮಿದಾಗಲೆಲ್ಲ ಬುಳುಬುಳು ಇನ್ನೂ ಜೋರು. ಕಟ್ಟಿಕೊಂಡವಳ ಉಸಿರು ಕಣ್ಣೆದುರೇ ನೀರುಪಾಲಾಗುತ್ತಿತ್ತು. ಮೂಗಿಗೆ ಅಷ್ಟೊಂದು ಆಕ್ಸಿಜನ್ ಕೊಟ್ಟು, ಪಕ್ಕೆಯಿಂದ ಹೊರಗೆ ಬಿಡುವುದು ಇದೆಂಥ ರಿಪೇರಿ? ಅತ್ತಿತ್ತ ನೋಡಿದ. ಸಿಸ್ಟರ್ ಕೊನೆಯ ಮಂಚದ ಹತ್ತಿರ ಇದ್ದಳು. ನಳಿಕೆಯನ್ನು ಎರಡು ಮಡಿಕೆ ಮಾಡಿ, ಬಿಗಿಯಾಗಿ ಹಿಂಡಿ, ಹೆಂಡತಿಯ ಸೊಂಟದಡಿಗೆ ತುರುಕಿದ.

"ನಿಂತೋಯ್ತು ನೋಡೇ," ಎಂದ.

ಮಾಸ್ಕಿನೊಳಗೇ ಅವಳು ನಕ್ಕಳು. "ಇಲ್ಲೂ... ಅಂಗಡಿ... ತೆಗೆದ್ರಾ?"

"ಹೂಂ, ಮೊದಲ ಗಿರಾಕಿ ನೀನೇ. ಸುಮ್ನೆ ಮಲಗು."

ಆರು ದಿನದಿಂದ ನಿದ್ದೆಗೆಟ್ಟಿದ್ದವನಿಗೆ ಕೂತಲ್ಲೇ ಕಣ್ಣು ಹತ್ತಿತು. ಕಾಲು ಗಂಟೆಯೂ ಆಗಿರಲಿಲ್ಲ, ಬೆಚ್ಚಿ ಎದ್ದ. ಮಂಚದ ಮೇಲೆ ಬೇರೆ ಯಾರೋ ಇದ್ದರು. ಕತ್ತೇ ಕಾಣಿಸದು, ಕೆನ್ನೆ ಊದಿಕೊಂಡು ಕಣ್ಣುಗಳು ಎರಡು ಗೆರೆಗಳಾಗಿವೆ, ತುಟಿ ನೀಲಿಗಟ್ಟಿದೆ. ಸೀರೆಯಂಚು ಮಾತ್ರ ಅವಳದೇ. ಭುಜ ಹಿಡಿದು ಅಲುಗಿಸಿದ. ಬೆರಳ ಕೆಳಗೆ ಚರ್ಮ ಚರಚರ ಎಂದಿತು. ಗಾಳಿ. ಒಳಗೆ ಗಾಳಿ ತುಂಬಿದೆ. ಅದನ್ನು ಅವನ ಬೆರಳಿಗಿಂತ ಚೆನ್ನಾಗಿ ಬಲ್ಲವರು ಯಾರು?

ಸಿಸ್ಟರನ್ನು ಕೂಗಲು ತಿರುಗಿದ. ಅವನಿಗಿಂತ ಮೊದಲೇ ಮಂಚದ ಪಕ್ಕದ ಯಂತ್ರ ಕೂಗಿಕೊಂಡಿತು. ಓಡಿಬಂದ ಸಿಸ್ಟರ್ ಹೊದಿಕೆ ಕಿತ್ತೆಸೆದು, ನಳಿಕೆಯುದ್ದಕ್ಕೂ ಕೈಯಾಡಿಸಿ, ಸೊಂಟದಡಿಯ ಮಡಿಕೆಯನ್ನು ಎಳೆದು ಬಿಡಿಸಿದಳು. ಬಾಟಲಿಯ ನೀರು ಕುದಿದಂತೆ ಉಕ್ಕಿತು. ಸ್ವಲ್ಪ ಹೊತ್ತಿಗೆ ಹೆಂಡತಿಯ ಎದೆ ಏರಿ ಇಳಿಯತೊಡಗಿತು.

"ಸೋರಿದ ಗಾಳಿ ಹೊರಗೆ ಹೋಗೋಕೆ ಇರೋದೇ ಇದೊಂದು ದಾರಿ," ಸಿಸ್ಟರ್‌ ಗದರಿದಳು. "ಅದನ್ನ ಮುಚ್ಚಿದ್ರೆ ಒಳಗೇ ತುಂಬ್ಕೊಂಡು ಹೃದಯಾನೂ ಅಮುಕಿಬಿಡತ್ತೆ. ಇನ್ನೆರಡು ನಿಮಿಷ ಹೋಗಿದ್ರೆ ಮುಗೀತಿತ್ತು. ಯಾರು ಮಡಚಿದ್ದು ಇದನ್ನ?"

ಅವನು ಬಾಯಿ ತೆರೆದ. ಅಷ್ಟರಲ್ಲಿ ಮಾಸ್ಕಿನೊಳಗಿಂದ ಒಡಕು ದನಿಯೊಂದು ಬಂತು.

"ನಾನೇ ಸಿಸ್ಟರ್... ಮಗ್ಗುಲಾದೆ... ಸಿಕ್ಕೊಂಡಿರ್ಬೇಕು."

"ಇನ್ಮೇಲೆ ಅಲುಗಾಡ್ಬೇಡಿ ಅಕ್ಕ," ಎಂದ ಸಿಸ್ಟರ್ ಅವನ ಕಡೆ ತಿರುಗಿದಳು. "ಯಜಮಾನ್ರೇ, ಡಾಕ್ಟರನ್ನ ಕರ್ಕೊಂಡು ಬರ್ತೀನಿ. ಈ ನಳಿಕೇನ ಯಾರೂ ಮುಟ್ಟದ ಹಾಗೆ ನೋಡ್ಕೊಳ್ಳಿ. ನಿಮ್ಮನ್ನ ನಂಬಿ ಹೋಗ್ತಿದ್ದೀನಿ."

ಅವಳು ಓಡಿದಳು. ಅವನು ಸ್ಟೂಲಿನ ಮೇಲೆ ಕುಸಿದು, ತನ್ನ ಎರಡೂ ಕೈಗಳನ್ನು ತೊಡೆಯ ಕೆಳಗೆ ಅಮುಕಿ ಹಿಡಿದುಕೊಂಡ.