ಫ್ರಿಜ್ಜಿನ ಕಪ್ಪೆ, ತೊಟ್ಟಿಯ ಮಿಂಚುಳ್ಳಿ

ಫ್ರಿಜ್ಜಿನಲ್ಲಿ ಕಪ್ಪೆ ಇಟ್ಟವನು ಈ ವರ್ಷ ಇನ್ನೇನು ಇಟ್ಟಿರಬಹುದು?

ಹಲ್ಲಿನ ಡಾಕ್ಟರು ತೋಟದ ಮೂಲೆಯ ಹಸಿರು ಗುಡಾರದೊಳಗೆ ಮೊಣಕೈಯನ್ನು ಕೆಸರಿಗೆ ಊರಿಕೊಂಡು ಅದನ್ನೇ ಯೋಚಿಸುತ್ತಿದ್ದರು. ಮೂವತ್ತು ವರ್ಷ ಜನರ ಬಾಯಿಯೊಳಗೆ ಇಣುಕಿ ನಿವೃತ್ತರಾದವರಿಗೆ ಈಗ ಕ್ಯಾಮೆರಾದೊಳಗೆ ಇಣುಕುವ ಚಟ. ಎದುರಿಗೆ ನೀರಿನ ತೊಟ್ಟಿ, ಅದರ ಅಂಚಿಗೆ ಅವರೇ ನೆಟ್ಟ ಒಣ ಕೋಲು. ಆ ಕೋಲಿನ ಮೇಲೆ ಮಿಂಚುಳ್ಳಿ ಕೂತು ಸರಿಯಾಗಿ ಇತ್ತ ತಿರುಗಿದರೆ, ಫೋಟೊ ಸಂಘದ ವಸಂತ ಸ್ಪರ್ಧೆಯ ಮೊದಲ ಬಹುಮಾನ ಅವರದೇ.

ಕಪ್ಪೆಯ ಕಥೆ ಹಿಂದಿನ ವಸಂತದ್ದು. ಡಾಕ್ಟರ ಷಡ್ಡಕನದು ಔಷಧಿ ಅಂಗಡಿ. ಆ ಮಹಾನುಭಾವ ಕಪ್ಪೆಯೊಂದನ್ನು ಡಬ್ಬಿಗೆ ಹಾಕಿ, ಫ್ರಿಜ್ಜಿನಲ್ಲಿ ಬೆಣ್ಣೆಯ ಪಕ್ಕ ಇಟ್ಟು, ಅದು ಚಳಿಗೆ ಮರಗಟ್ಟಿದ ಮೇಲೆ ಎಲೆಯ ಮೇಲೆ ಕೂರಿಸಿ ಫೋಟೊ ತೆಗೆದಿದ್ದ. ಮೊದಲ ಬಹುಮಾನ! ಅವನ ಹೆಂಡತಿ ಫೋನಿನಲ್ಲಿ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದಳು. "ಬೆಣ್ಣೆ ತೆಗೆಯೋಕೆ ಹೋದ್ರೆ ಡಬ್ಬಿಯಿಂದ ಎರಡು ಕಣ್ಣು ನನ್ನನ್ನೇ ನೋಡ್ತಿವೆ ಅಕ್ಕಾ!" ಅಕ್ಕ ಎಂದರೆ ಡಾಕ್ಟರ ಹೆಂಡತಿ. ಆಕೆ ನಗುತ್ತಲೇ ಗಂಡನಿಗೆ ಹೇಳಿದಳು. ಗಂಡ ನಗಲಿಲ್ಲ. ಸಂಘದ ಸಭೆಯಲ್ಲಿ ಎದ್ದು ನಿಂತು, "ಸಾಕ್ಷಿ ನನ್ನ ನಾದಿನಿಯೇ!" ಎಂದು ಸಾರಿಬಿಟ್ಟರು.

ಷಡ್ಡಕನ ಬಹುಮಾನ ಹೋಯಿತು, ಜೊತೆಗೆ ಮಾನವೂ. "ನಿನ್ನ ಹತ್ರ ಇನ್ನು ಬಾಯಿ ಬಿಟ್ಟರೆ ಕೇಳು" ಎಂದು ಫೋನ್ ಇಟ್ಟ ತಂಗಿ ವರ್ಷವಾದರೂ ಮಾತಾಡಿರಲಿಲ್ಲ. ಭಾನುವಾರ ತಂಗಿ ಫೋನ್ ಮಾಡುತ್ತಿದ್ದ ಹೊತ್ತಿಗೆ ಅಕ್ಕ ಫೋನಿನ ಪಕ್ಕ ಸುಮ್ಮನೆ ಕೂತಿರುತ್ತಿದ್ದಳು. ತಂಗಿಯ ಆ ನಗು ಇಲ್ಲದೆ ಆಕೆಗೆ ವಾರವೇ ಬಿಕೋ ಎನ್ನುತ್ತಿತ್ತು. ಡಾಕ್ಟರಿಗೆ ಮಾತ್ರ ಮನೆ ತಣ್ಣಗಾಯಿತು. ಆ ನೆಮ್ಮದಿಯಲ್ಲಿ ಅವರು ಸಂಘಕ್ಕೆ ಹೊಸ ನಿಯಮ ಬರೆದುಕೊಟ್ಟರು. ಪ್ರಾಣಿಯನ್ನು ಹಿಡಿದಿಟ್ಟರೆ ಅನರ್ಹ. ಮೇವು ಹಾಕಿ ಕರೆಸಿದರೂ ಅನರ್ಹ. ಬಹುಮಾನಕ್ಕೆ ಮುನ್ನ ಚಿತ್ರವನ್ನು ಪರದೆಯ ಮೇಲೆ ಹಿಗ್ಗಿಸಿ ಇಂಚಿಂಚೂ ನೋಡತಕ್ಕದ್ದು.

"ಇಂಚಿಂಚೂನಾ?" ಎಂದು ಹೆಂಡತಿ ಕೇಳಿದ್ದಳು.

"ಒಂದು ಪುಕ್ಕ ಬಿಡೋ ಹಾಗಿಲ್ಲ."

"ಒಳ್ಳೇ ನಿಯಮ ರೀ."

ಆಕೆ ಗಂಡನನ್ನು ಹೊಗಳಿ ಎಷ್ಟು ಕಾಲವಾಗಿತ್ತೋ! ಡಾಕ್ಟರು ಉಬ್ಬಿಹೋದರು.

ಈ ವಸಂತದ ಮೊದಲ ಎರಡು ವಾರ ಅವರು ಊರಾಚೆಯ ಹೊಲ, ಕೆರೆ ಸುತ್ತಿದರು. ಮೊಲದ ಹಿಂಭಾಗ ಸಿಕ್ಕಿತು. ಕೊಕ್ಕರೆಯ ಕಾಲು ಸಿಕ್ಕಿತು, ಕೊಕ್ಕರೆ ಸಿಗಲಿಲ್ಲ. ಒಂದು ಚಿಟ್ಟೆ ಮಾತ್ರ ಅದ್ಭುತವಾಗಿ ಬಂದಿತ್ತು. ಹಿಗ್ಗಿಸಿ ನೋಡಿದರೆ ಚಾಕಲೇಟಿನ ಕಾಗದ.

"ಅಲೆದದ್ದು ಸಾಕು, ತೋಟದಲ್ಲೇ ಕೂತ್ಕೊಳ್ಳಿ," ಎಂದಳು ಹೆಂಡತಿ. "ದಿನಾ ಬೆಳಿಗ್ಗೆ ತೊಟ್ಟಿಗೆ ನೀರು ನಾನು ತುಂಬಿಸ್ತೀನಿ."

ಮೂರನೆಯ ದಿನವೇ ಮಿಂಚುಳ್ಳಿ ಬಂತು. ಆಮೇಲೆ ಗುಮಾಸ್ತ ಆಫೀಸಿಗೆ ಬರುವ ಹಾಗೆ ದಿನಾ ಏಳೂಕಾಲಿಗೆ ಹಾಜರು. ತೊಟ್ಟಿಗೆ ಧುಮುಕುವುದು, ಮತ್ತೆ ಕೋಲಿಗೇರುವುದು.

"ಸ್ನಾನ ಮಾಡ್ತಿದೆ!" ಎಂದು ಡಾಕ್ಟರು ಬೆರಗಾದರು. "ಯಾರನ್ನ ನಂಬಬೇಕು ಅಂತ ಹಕ್ಕಿಗೂ ಗೊತ್ತಾಗುತ್ತೆ ಕಣೇ."

"ಹೌದು. ಮನುಷ್ಯರಿಗೇ ಗೊತ್ತಾಗಲ್ಲ."

ಪಕ್ಕದ ಮನೆಯ ಬೆಕ್ಕು ಇತ್ತೀಚೆಗೆ ಬಾಲ ಎತ್ತಿಕೊಂಡು ಆಕೆಯ ಹಿಂದೆಯೇ ತಿರುಗುತ್ತಿತ್ತು. ಬಚ್ಚಲಿನ ಸೋಪು ಬೇಗ ಬೇಗ ಕರಗುತ್ತಿತ್ತು. ಡಾಕ್ಟರ ಕಣ್ಣಿಗೆ ಅವೆಲ್ಲ ಬೀಳಲಿಲ್ಲ. ಪಾಪ, ಅವರು ಪ್ರಕೃತಿ ವೀಕ್ಷಣೆಯಲ್ಲಿ ಮುಳುಗಿದ್ದರು. ಅವರ ತಕರಾರು ಒಂದೇ ಆಗಿತ್ತು.

"ಆ ಹಳದಿ ರೇನ್‌ಕೋಟು ಯಾಕೆ ಹಾಕ್ಕೊಂಡು ಓಡಾಡ್ತೀಯ? ಹಕ್ಕಿ ಹೆದರುತ್ತೆ."

"ನೀರು ಸಿಡಿಯುತ್ತಲ್ಲ. ನಾನು ಗುಡಾರದ ಹಿಂದೆ ಇರ್ತೀನಿ ಬಿಡಿ, ನಿಮಗಂತೂ ಕಾಣಲ್ಲ."

ಅಂದು ಹಕ್ಕಿ ಕೋಲಿನ ಮೇಲೆ ಕೂತು, ತಲೆ ಓರೆ ಮಾಡಿ, ಗುಡಾರದ ಕಡೆಗೆ ನೆಟ್ಟ ನೋಟದಲ್ಲಿ ನೋಡಿತು. ಕ್ಲಿಕ್. ಡಾಕ್ಟರು ಕೆಸರುಗಾಲಿನಲ್ಲೇ ಮನೆಯೊಳಗೆ ಓಡಿದರು. "ಕಣ್ಣು ನೋಡೇ, ಕಣ್ಣು! ಹೇಗೆ ಹೊಳೀತಿದೆ!"

ಹೆಂಡತಿ ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದಳು. "ಇದನ್ನೇ ಕಳಿಸಿ," ಎಂದಳು.

ಬಹುಮಾನದ ದಿನ ಸಂಘದ ಸಭಾಂಗಣ ಭರ್ತಿ. ಡಾಕ್ಟರು ಮೊದಲ ಸಾಲಿನಲ್ಲಿ, ಜೇಬಿನಲ್ಲಿ ಎರಡು ಪುಟದ ಕೃತಜ್ಞತಾ ಭಾಷಣ, ಪಕ್ಕದಲ್ಲಿ ಹೆಂಡತಿ. ಕೊನೆಯ ಸಾಲಿನಲ್ಲಿ ಷಡ್ಡಕ, ಅವನ ಪಕ್ಕ ಮುಖ ಗಂಟಿಕ್ಕಿಕೊಂಡ ತಂಗಿ. ಯಾರೂ ಬಂದು ಕೂರದಂತೆ ಅವಳು ಆಚೆ ಕುರ್ಚಿಯ ಮೇಲೆ ಬ್ಯಾಗು ಇಟ್ಟಿದ್ದಳು.

ಸಂಘದ ಅಧ್ಯಕ್ಷರಾಗಿದ್ದ ಡ್ರಾಯಿಂಗ್ ಮೇಷ್ಟ್ರು ಮಿಂಚುಳ್ಳಿಯನ್ನು ಪರದೆಗೆ ತಂದರು. "ಮೊದಲ ಬಹುಮಾನ ಇದಕ್ಕೇ. ಆದ್ರೆ ಡಾಕ್ಟರೇ, ನಿಯಮ ಇದೆಯಲ್ಲ, ಹಿಗ್ಗಿಸಬೇಕು."

"ಧಾರಾಳವಾಗಿ! ಕಣ್ಣಿಂದಲೇ ಶುರು ಮಾಡಿ."

ಕಣ್ಣು ಬೆಳೆಯಿತು, ಪರದೆ ತುಂಬಿತು. ಅದರ ಕಪ್ಪು ಹೊಳಪಿನಲ್ಲಿ ಎದುರಿನ ತೋಟವೆಲ್ಲ ಮೂಡಿತ್ತು. ಹಸಿರು ಗುಡಾರ. ಅದರ ಹಿಂದೆ ಸ್ಟೂಲು ಹತ್ತಿ ನಿಂತ ಹಳದಿ ರೇನ್‌ಕೋಟು. ಅದರ ಕೈಯಲ್ಲಿ, ಬಾವುಟದಂತೆ ಎತ್ತಿ ಹಿಡಿದ ಉದ್ದ ಹಿಡಿಯ ಮೀನುಬಲೆ.

ಡಾಕ್ಟರು ನಿಧಾನವಾಗಿ ಪಕ್ಕಕ್ಕೆ ತಿರುಗಿದರು. ಹೆಂಡತಿ ಆಗಲೇ ಎದ್ದು ನಿಂತಿದ್ದಳು.

"ಸಾಕ್ಷಿ ನಾನೇ," ಎಂದಳು. "ದಿನಾ ಆರು ಗಂಟೆಗೆ ಕೆರೆಯಿಂದ ಮೀನು ತಂದು ತೊಟ್ಟಿಗೆ ಬಿಟ್ಟಿದ್ದೀನಿ. ನಮ್ಮನೆಯವರು ಅನರ್ಹರು."

ಕೊನೆಯ ಸಾಲಿನಲ್ಲಿ ಯಾರೋ ಹೊಟ್ಟೆ ಹಿಡಿದುಕೊಂಡು ನಕ್ಕರು. ಕುರ್ಚಿಯ ಮೇಲಿನ ಬ್ಯಾಗು ಕೆಳಗಿಳಿಯಿತು. "ಬಾ ಅಕ್ಕಾ, ಇಲ್ಲಿ ಕೂತ್ಕೋ."