ಕಂಪ್ಯೂಟರ್ ಮಾಡಿದ ತಪ್ಪು

“ತಪ್ಪು ನಂದಲ್ರಿ, ಕಂಪ್ಯೂಟರಿಂದು,” ಎಂದರು ಕಂಪ್ಲಿಯ ಕಬ್ಬು ಬೆಳೆಗಾರರ ಸಂಘದ ಕಾರ್ಯದರ್ಶಿ ಮೈಲಾರಲಿಂಗಪ್ಪನವರು. ತೊಂಬತ್ತೊಂಬತ್ತನೇ ಇಸವಿಯ ಜನವರಿ ತಿಂಗಳು. ಆ ಕಾಲಕ್ಕೆ ಈ ಮಾತಿಗೆ ಎದುರುಮಾತೇ ಇರಲಿಲ್ಲ. ಕರೆಂಟ್ ಬಿಲ್ಲು ಹೆಚ್ಚಿಗೆ ಬಂದರೂ ಕಂಪ್ಯೂಟರ್, ಮಗ ಫೇಲಾದರೂ ಕಂಪ್ಯೂಟರ್. ಅದಕ್ಕೋ ಪಾಪ, ಬಾಯಿಲ್ಲ.

ಬಾಗಿಲ ಮುಂದೆ ಹದಿನೈದಿಪ್ಪತ್ತು ಜನ ಸೇರಿದ್ದರು. ಗೋಡೆಗೆ ಅಂಟಿಸಿದ್ದ ಕಟಾವಿನ ಪಟ್ಟಿಯೇ ಜಗಳಕ್ಕೆ ಕಾರಣ. ಮೊದಲು ನಾಟಿ ಮಾಡಿದವರ ಕಬ್ಬು ಮೊದಲು ಕಡಿಯಬೇಕು, ಹದಿನೈದು ದಿನಕ್ಕೆ ಹತ್ತು ಮಂದಿಯದು. ಸಂಘ ಹುಟ್ಟಿದಾಗಿನಿಂದ ಇದೇ ಕಟ್ಟಳೆ. ಈ ಸಲ ಯುಗಾದಿ ಮುಗಿದ ಮೇಲೆ ನಾಟಿ ಮಾಡಿದ ಎರ್ರಿಯಪ್ಪನ ಹೆಸರು ಎಲ್ಲರಿಗಿಂತ ಮೇಲೆ ಹೋಗಿ ಕೂತಿತ್ತು. ಎರ್ರಿಯಪ್ಪ ಕಾರ್ಯದರ್ಶಿಗಳ ಸ್ವಂತ ಷಡ್ಡಕ. ಹತ್ತನೆಯವಳಾಗಿ ಇರಬೇಕಾದ ಜಂಬವ್ವ ಹನ್ನೊಂದಕ್ಕೆ ಇಳಿದಿದ್ದಳು, ಅಂದರೆ ಇನ್ನೂ ಹದಿನೈದು ದಿನ ಕಾಯಬೇಕು.

“ನನ್ನ ಕಬ್ಬು ಆಗಲೇ ಸೂಲಂಗಿ ಹೂ ಬಿಟ್ಟೈತ್ರೀ ಸಾಹೇಬ್ರ. ಇನ್ನ ಹದಿನೈದು ದಿನ ನಿಂತ್ರ ತೂಕ ಎಲ್ಲಿ ಬರ್ತೈತಿ? ಬರೇ ಒಣಗಿದ ರವದಿ ಹೊರಬೇಕಾಗ್ತೈತಿ!” ಎಂದು ಜಂಬವ್ವ ಕಿಟಕಿಯ ಸರಳು ಹಿಡಿದು ಕೂಗಿದಳು.

“ಏನ್ ಮಾಡ್ಲವ್ವ, ಪುಕ್ಕಟೆ ಬಂದದ್ದು! ರೊಕ್ಕ ಕೊಟ್ಟು ತಂದಿದ್ರ ಹಿಂಗ ಆಗ್ತಿರಲಿಲ್ಲ,” ಎಂದರು ಕಾರ್ಯದರ್ಶಿಗಳು.

ಪುಕ್ಕಟೆ ಬಂದದ್ದು ನಿಜ. ದೋಣಿಮಲೈ ಗಣಿಯಲ್ಲಿದ್ದ ಇಂಜಿನಿಯರೊಬ್ಬರು ಯಾವುದೋ ಪತ್ರಿಕೆಯ ಜೊತೆ ಸಿಕ್ಕ ಸೀಡಿ ತಂದು, ಸಂಘದ ಕಂಪ್ಯೂಟರಿಗೆ ಲಿನಕ್ಸ್ ಎಂಬ ಪುಕ್ಕಟೆ ಸಾಫ್ಟ್‌ವೇರ್ ಹಾಕಿಕೊಟ್ಟು, ಒಂದು ಲೋಟ ಚಹಾ ಕುಡಿದು ಹೋಗಿದ್ದರು. ಹೋಗುವಾಗ, “ಇದರೊಳಗ ರೂಟ್ ಅಂತ ಒಬ್ಬ ಇರ್ತಾನ್ರಿ. ಎಲ್ಲಾ ಅಧಿಕಾರ ಅವಂದ,” ಅಂದಿದ್ದೇ ತಪ್ಪಾಯಿತು. ಅಧಿಕಾರ ಎಂಬ ಮಾತು ಕಿವಿಗೆ ಬಿದ್ದ ಮೇಲೆ ಮೈಲಾರಲಿಂಗಪ್ಪನವರು ಬಿಟ್ಟಾರೆಯೇ? ರೂಟ್ ಆಗಿ ಒಳಗೆ ಹೋಗುವ ಪಾಸ್‌ವರ್ಡು ಅವರ ಒಬ್ಬರ ಹೊಟ್ಟೆಯಲ್ಲೇ ಉಳಿಯಿತು. ಪ್ರಿಂಟರ್ ಸಿಕ್ಕಿಹಾಕಿಕೊಂಡರೆ ಬಿಡಿಸುವ ದಾರಿ ಗೊತ್ತಿದ್ದದ್ದು ಆಪರೇಟರ್ ಚೆನ್ನಬಸಮ್ಮನಿಗೆ, ಬಿಡಿಸುವ ಹಕ್ಕು ಇದ್ದದ್ದು ಇವರಿಗೆ. ಹೆಗಲ ಮೇಲಿನ ಟವೆಲ್ಲನ್ನು ಕೀಬೋರ್ಡಿಗೆ ಮುಚ್ಚಿ, ಅದರೊಳಗೆ ಕೈ ಹಾಕಿ ಒಂದೇ ಬೆರಳಲ್ಲಿ ಪಾಸ್‌ವರ್ಡ್ ಹೊಡೆಯುತ್ತಿದ್ದರು. ಆಮೇಲೆ ಆಕೆ ಮಗ್ಗುಲಲ್ಲಿ ನಿಂತು ಒಂದೊಂದೇ ಅಕ್ಷರ ಹೇಳಬೇಕು, ಇವರು ಒತ್ತಬೇಕು. ಒಮ್ಮೆ ಕ್ಯಾಪ್ಸ್ ಲಾಕ್ ಬಿದ್ದು ಅರ್ಧ ದಿನ ಒಳಗೇ ಹೋಗಲಾಗಲಿಲ್ಲ. “ಸರ್, ಆ ಹಸಿರು ದೀಪ...” ಅಂದರೆ, “ನನಗೇ ಹೇಳ್ತೀಯಾ?” ಎಂದು ಗದರಿದ್ದರು. ಪ್ರಿಂಟರ್ ಓಡಿದ ಕೂಡಲೇ ಬಂದವರಿಗೆಲ್ಲ, “ನಾನ ರಿಪೇರಿ ಮಾಡಿದೆ,” ಎನ್ನುವುದು ಬೇರೆ!

ಇವತ್ತು ಜನ ಜಗ್ಗುವ ಹಾಗೆ ಕಾಣಲಿಲ್ಲ. ಕಾರ್ಯದರ್ಶಿಗಳು ಚೆನ್ನಬಸಮ್ಮನ ಕಡೆ ತಿರುಗಿದರು. “ನೀನಾ ಏನೋ ಎಡವಟ್ಟು ಮಾಡಿದಂಗ ಕಾಣ್ತೈತಿ. ಈಗಿಂದೀಗ ಪ್ರಾಬ್ಲಂ ಏನಂತ ಹುಡುಕು. ಇಲ್ಲಾಂದ್ರ ನಾಳಿಂದ ಬರಬ್ಯಾಡ.”

ಚೆನ್ನಬಸಮ್ಮನದು ದಿನಗೂಲಿ ಕೆಲಸ, ಅವರು ಬೇಡ ಅಂದರೆ ಅಲ್ಲಿಗೆ ಮುಗಿಯಿತು. ಆಕೆಗೆ ಸಿಟ್ಟು ಬಂತು, ಅಳುವೂ ಬಂತು. ಎರಡನ್ನೂ ನುಂಗಿಕೊಂಡು ಕೂತಳು. ನಾಟಿಯ ತಾರೀಖುಗಳನ್ನು ಕೊಟ್ಟು, ಸಾಲಾಗಿ ಜೋಡಿಸು ಎಂದು ಕಂಪ್ಯೂಟರಿಗೆ ಮತ್ತೊಮ್ಮೆ ಹೇಳಿದಳು. ಅದು ಕಣ್ಣು ಮಿಟುಕಿಸುವುದರೊಳಗೆ ಜೋಡಿಸಿಕೊಟ್ಟಿತು. ಜಂಬವ್ವ ಹತ್ತು, ಎರ್ರಿಯಪ್ಪ ನಲವತ್ತೊಂದು.

“ಇದು ಸರಿಯಾಗೇ ಲೆಕ್ಕ ಹಾಕ್ತೈತಿ ಸರ್. ಆಮ್ಯಾಲ ಯಾರೋ ಪಟ್ಟಿ ತಿದ್ಯಾರ. ನಿನ್ನೆ ಸಂಜಿ ಆರು ಐವತ್ತೆರಡಕ್ಕ ಅಂತ ಫೈಲಿನ ಮ್ಯಾಲ ಐತಿ.”

“ನೀನಾ ತಿದ್ದಿರ್ತೀ!”

“ನಾನು ಐದೂವರೆ ಹೊಸಪೇಟಿ ಬಸ್ಸಿಗೆ ಹೋದೆನಲ್ರೀ. ತಡೀರಿ, ಯಾರು ಯಾವಾಗ ಬಂದು ಕುಂತಿದ್ರು ಅನ್ನೋದನ್ನ ಇದು ಬರಕೊಂಡಿರ್ತೈತಿ.”

ಕಾರ್ಯದರ್ಶಿಗಳಿಗೆ ಇದು ಹೊಸ ಸುದ್ದಿ. “ಬ್ಯಾಡ ಬಿಡು, ಜನಕ್ಕ ಹೊತ್ತಾಗ್ತೈತಿ,” ಅನ್ನುವಷ್ಟರಲ್ಲಿ ಚೆನ್ನಬಸಮ್ಮ ನಾಲ್ಕು ಅಕ್ಷರ ಹೊಡೆದು ಎಂಟರ್ ಒತ್ತಿಯಾಗಿತ್ತು. ಪರದೆಯ ಮೇಲೆ ಬಂದದ್ದನ್ನು ಕಿಟಕಿಯ ಆಚೆಗೂ ಕೇಳಿಸುವ ಹಾಗೆ ಓದಿದಳು.

“ನಿನ್ನೆ ಸಂಜಿ ಆರು ನಲವತ್ತರಿಂದ ಏಳು ಐದರ ತನಕ, ರೂಟ್. ಅವನ್ನ ಬಿಟ್ಟು ಬ್ಯಾರೆ ಯಾರೂ ಇಲ್ಲ.”

“ಆ ರೂಟ್ ಅಂದ್ರ ಯಾರವ್ವಾ?” ಎಂದಳು ಜಂಬವ್ವ.

ಚೆನ್ನಬಸಮ್ಮ ಕುರ್ಚಿ ತಿರುಗಿಸಿ ಕಾರ್ಯದರ್ಶಿಗಳ ಮುಖವನ್ನೇ ನೋಡಿದಳು. ಹೊರಗಿದ್ದವರೂ ಅತ್ತಲೇ ನೋಡಿದರು. ಮೈಲಾರಲಿಂಗಪ್ಪನವರು ಟವೆಲ್ಲಿನಿಂದ ಕುತ್ತಿಗೆ ಒರೆಸಿಕೊಂಡರು.

“ರೂಟ್ ಅಂದ್ರ ಮನಷ್ಯಾ ಅಲ್ರವ್ವ. ಅದು... ಕಂಪ್ಯೂಟರಿಗೇ ಹಂಗಂತಾರ. ರಾತ್ರಿ ಹಗಲು ಅನ್ನಂಗಿಲ್ಲ ಅದು, ತಾನಾ ಎದ್ದು ತಾನಾ ತಿದ್ದಿಕೊಂಡೈತಿ. ನಾ ಮೊದಲೇ ಹೇಳಲಿಲ್ಲೇನು, ತಪ್ಪು ಕಂಪ್ಯೂಟರಿಂದು ಅಂತ?”

ಜಂಬವ್ವ ಸರಳಿಗೆ ಇನ್ನಷ್ಟು ಮುಖ ಒತ್ತಿ, ಬಿಳಿ ಪೆಟ್ಟಿಗೆಯನ್ನು ಮೇಲಿನಿಂದ ಕೆಳಗಿನ ತನಕ ನೋಡಿದಳು.

“ಹೌದೇನ್ರೀ ಸಾಹೇಬ್ರ? ಹಂಗಾರ ಇದರ ಹೆಂಡ್ತಿ, ನಿಮ್ಮ ಎರ್ರಿಯಪ್ಪನ ಹೆಂಡ್ತಿ, ಇಬ್ರೂ ಅಕ್ಕತಂಗೇರೇನು?”